ಪಿಎಲ್‌ಸಿ ಉತ್ತರ ಕೊಡದಿದ್ದರೆ ಪರದೆ ಏಕೆ ನಿಲ್ಲಬೇಕು?

ಓದುಗರ ಪ್ರಶ್ನೆ, ನಮ್ಮ ಉತ್ತರ

ಈ ಸಲ ಬಂದ ಪತ್ರಗಳಲ್ಲಿ ಹೆಚ್ಚಿನವು ಕಾರ್ಖಾನೆ ಮತ್ತು ಪಂಪ್‌ಹೌಸ್‌ಗಳ ಕಂಟ್ರೋಲ್ ರೂಮಿನಿಂದ ಬಂದವು. ದೂರು ಬೇರೆಬೇರೆಯಾದರೂ ಬೇರು ಒಂದೇ. ಎಲ್ಲೋ ಒಂದು ಪಿಎಲ್‌ಸಿಯೋ (ಯಂತ್ರಗಳನ್ನು ನಡೆಸುವ ಪುಟ್ಟ ಕೈಗಾರಿಕಾ ಕಂಪ್ಯೂಟರ್) ಮೀಟರೋ ಕೈಕೊಡುತ್ತದೆ, ಅದರ ಉತ್ತರಕ್ಕಾಗಿ ಸಾಫ್ಟ್‌ವೇರಿನ ಯಾವುದೋ ಭಾಗ ಕಾಯುತ್ತಾ ಕೂರುತ್ತದೆ, ಆ ಭಾಗ ಕಾಯಬಾರದ ಜಾಗದಲ್ಲಿ ಇರುತ್ತದೆ. ಹಾಗಾಗಿ ಮೊದಲ ಉತ್ತರ ಉದ್ದವಾಗಿದೆ. ಅದನ್ನು ಓದಿದವರಿಗೆ ಉಳಿದವು ಸುಲಭ.

ಪ್ರಶ್ನೆ: ನಮ್ಮ ಪಟ್ಟಣದ ಕುಡಿಯುವ ನೀರಿನ ಯೋಜನೆಯಲ್ಲಿ ಜಾಕ್‌ವೆಲ್ (ನೀರೆತ್ತುವ ಬಾವಿ) ಸೇರಿ ಆರು ಕಡೆ ಪಿಎಲ್‌ಸಿ ಇವೆ. ಕಂಟ್ರೋಲ್ ರೂಮಿನ ಸಾಫ್ಟ್‌ವೇರನ್ನು ಸಿ ಶಾರ್ಪ್‌ನಲ್ಲಿ ಬರೆಸಿದ್ದೇವೆ, ಮಾಡ್‌ಬಸ್ ಟಿಸಿಪಿ (ನೆಟ್‌ವರ್ಕ್ ಮೇಲೆ ಇಂಥ ಸಾಧನಗಳ ಜೊತೆ ಮಾತಾಡುವ ಭಾಷೆ) ಮೂಲಕ ಓದುತ್ತದೆ. ಒಂದು ಪಂಪ್‌ಹೌಸ್‌ನಲ್ಲಿ ಕರೆಂಟ್ ಹೋದರೆ ಸಾಕು, ಇಡೀ ಪರದೆ ಸುಮಾರು 20 ಸೆಕೆಂಡ್ ಹ್ಯಾಂಗ್ ಆಗುತ್ತದೆ. ಒಂದು ಕ್ಷಣ ಸರಿಹೋಗಿ ಮತ್ತೆ ಹ್ಯಾಂಗ್. ಆದರೆ ಪಿಎಲ್‌ಸಿ ಆನ್ ಇಟ್ಟು ಅದರಲ್ಲಿ ಮಾಡ್‌ಬಸ್ ಸರ್ವರನ್ನು ಮಾತ್ರ ನಿಲ್ಲಿಸಿ ನೋಡಿದಾಗ ಇಷ್ಟು ಹೊತ್ತು ಹಿಡಿಯಲಿಲ್ಲ. ಏಕೆ?
— ಶಿವಮೊಗ್ಗ ಜಿಲ್ಲೆಯ ಎಂಜಿನಿಯರ್

ಉತ್ತರ: ನಿಮ್ಮ 20 ಸೆಕೆಂಡ್ ಆಕಸ್ಮಿಕವಲ್ಲ. ಟಿಸಿಪಿ ಸಂಪರ್ಕ ಕೇಳುವಾಗ ವಿಂಡೋಸ್ ಒಂದು ಪ್ಯಾಕೆಟ್ ಕಳಿಸಿ 3 ಸೆಕೆಂಡ್ ಕಾಯುತ್ತದೆ. ಉತ್ತರವಿಲ್ಲದಿದ್ದರೆ ಮತ್ತೆ ಕಳಿಸಿ 6 ಸೆಕೆಂಡ್, ಮೂರನೇ ಸಲ 12 ಸೆಕೆಂಡ್. ಒಟ್ಟು 21. ವಿಂಡೋಸ್‌ನಲ್ಲಿ ಬಹುಕಾಲ ಇದ್ದ ಲೆಕ್ಕ ಇದು, ಹೊಸ ಆವೃತ್ತಿಗಳಲ್ಲಿ ನಡುವಿನ ಅಂತರಗಳು ಬೇರೆ ಇರಬಹುದು. ಕರೆಂಟ್ ಹೋದ ಪಿಎಲ್‌ಸಿ 'ಇಲ್ಲ' ಎಂದು ಹೇಳುವುದಿಲ್ಲ, ಸುಮ್ಮನಿರುತ್ತದೆ. ಆದ್ದರಿಂದ ಪೂರ್ತಿ 21 ಸೆಕೆಂಡ್ ಕಳೆಯಬೇಕು. ಸರ್ವರನ್ನು ಮಾತ್ರ ನಿಲ್ಲಿಸಿದಾಗ ಪಿಎಲ್‌ಸಿಯ ನೆಟ್‌ವರ್ಕ್ ಭಾಗ ಜೀವಂತವಾಗಿರುತ್ತದೆ. ಅದು ಮಾಡ್‌ಬಸ್‌ನ ಬಾಗಿಲಾದ 502ನೇ ಪೋರ್ಟ್‌ನಲ್ಲಿ ಯಾರೂ ಇಲ್ಲವೆಂದು ತಕ್ಷಣ ತಿರಸ್ಕಾರದ ಪ್ಯಾಕೆಟ್ ಕಳಿಸುತ್ತದೆ, ಒಂದೆರಡು ಸೆಕೆಂಡಿನಲ್ಲಿ ವಿಷಯ ಮುಗಿಯುತ್ತದೆ. ಎಚ್‌ಎಂಐ (ಆಪರೇಟರ್ ನೋಡುವ ಪರದೆಯ ಸಾಫ್ಟ್‌ವೇರ್) ಪರೀಕ್ಷಿಸುವವರು ಎರಡನೆಯ ರೀತಿಯಲ್ಲೇ ಪರೀಕ್ಷಿಸಿ 'ಪಾಸ್' ಬರೆದುಬಿಡುತ್ತಾರೆ. ಸೈಟ್‌ನಲ್ಲಿ ಆಗುವುದು ಮೊದಲನೆಯದು.

ಆದರೆ 21 ಸೆಕೆಂಡ್ ಕಾದದ್ದು ತಪ್ಪಲ್ಲ. ಪರದೆ ಕಾದದ್ದು ತಪ್ಪು. ನಿಮ್ಮ ಪ್ರೋಗ್ರಾಮಿನಲ್ಲಿ ಫಾರ್ಮ್ ಮೇಲೆ ಒಂದು ಟೈಮರ್ ಇಟ್ಟು, ಅದರ ಟಿಕ್ ಒಳಗೆ ಆರೂ ಪಿಎಲ್‌ಸಿಗಳನ್ನು ಸಾಲಾಗಿ ಓದಿರುವ ಸಾಧ್ಯತೆಯೇ ಹೆಚ್ಚು. ವಿಂಡೋಸ್ ಫಾರ್ಮ್ಸ್‌ನ ಆ ಟೈಮರ್ ಓಡುವುದು ಪರದೆಯನ್ನು ಚಿತ್ರಿಸುವ ಥ್ರೆಡ್‌ನಲ್ಲೇ (ಥ್ರೆಡ್ ಅಂದರೆ ಪ್ರೋಗ್ರಾಮಿನೊಳಗೆ ತನ್ನ ಪಾಡಿಗೆ ಸಾಗುವ ಒಂದು ಕೆಲಸದ ಎಳೆ). ಅದು ಕಾಯುತ್ತಿರುವಾಗ ಬಟನ್ ಒತ್ತಿದರೂ ಕೇಳಿಸುವುದಿಲ್ಲ. 5 ಸೆಕೆಂಡ್ ದಾಟಿದರೆ ವಿಂಡೋಸ್ ಆ ಕಿಟಕಿಗೆ 'ಪ್ರತಿಕ್ರಿಯಿಸುತ್ತಿಲ್ಲ' ಎಂಬ ಹಣೆಪಟ್ಟಿ ಹಚ್ಚುತ್ತದೆ. ಗಾಬರಿಯಾದ ಆಪರೇಟರ್ ಟಾಸ್ಕ್ ಮ್ಯಾನೇಜರ್ ತೆರೆದು ಪ್ರೋಗ್ರಾಮನ್ನೇ ಕೊಲ್ಲುತ್ತಾನೆ. ಆಗ ಚೆನ್ನಾಗಿದ್ದ ಐದು ಪಂಪ್‌ಹೌಸ್‌ಗಳೂ ಕಣ್ಣಿಗೆ ಕಾಣುವುದಿಲ್ಲ.

ಸರಿಪಡಿಸುವ ಕ್ರಮ ಹೀಗೆ. ಪ್ರತಿ ಪಿಎಲ್‌ಸಿಗೂ ತನ್ನದೇ ಆದ ಒಂದು ಕೆಲಸಗಾರ ಥ್ರೆಡ್ ಕೊಡಿ. ಅದರ ಕೆಲಸ ಇಷ್ಟೇ: ಸಂಪರ್ಕ ಮಾಡು, ಓದು, ಬಂದ ಬೆಲೆಯನ್ನು (ಅಳತೆಯ ಅಂಕೆಯನ್ನು) ಮೆಮೊರಿಯಲ್ಲಿರುವ ಟ್ಯಾಗ್ ಪಟ್ಟಿಗೆ ಬರೆ. ಟ್ಯಾಗ್ ಅಂದರೆ ಒಂದೊಂದು ಅಳತೆಗೆ ಇಟ್ಟ ಹೆಸರು. ಪ್ರತಿ ಟ್ಯಾಗ್‌ಗೂ ಮೂರು ಅಂಶ ಇರಬೇಕು: ಬೆಲೆ, ಓದಿದ ಸಮಯ, ಗುಣಮಟ್ಟ. ಪರದೆಯ ಟೈಮರ್ ಅರ್ಧ ಸೆಕೆಂಡಿಗೊಮ್ಮೆ ಈ ಪಟ್ಟಿಯನ್ನು ಮಾತ್ರ ನೋಡಲಿ, ನೆಟ್‌ವರ್ಕ್ ಕಡೆ ಕಣ್ಣೂ ಹಾಯಿಸಬಾರದು.

ಇಷ್ಟು ಮಾಡಿದ ಮೇಲೂ ಹ್ಯಾಂಗ್ ಉಳಿಯುವುದುಂಟು. ಆಗ ಲಾಕ್ (ಒಂದು ಸಲಕ್ಕೆ ಒಂದೇ ಥ್ರೆಡ್ ಒಳಹೋಗಲು ಬಿಡುವ ಬೀಗ) ಹುಡುಕಿ. ಆರು ಥ್ರೆಡ್ ಮಾಡಿ, ಎಲ್ಲಕ್ಕೂ ಒಂದೇ ಲಾಕ್ ಹಾಕಿ, ಲಾಕ್ ಹಿಡಿದುಕೊಂಡೇ ನೆಟ್‌ವರ್ಕ್ ಓದುವ ಕೋಡ್ ಇದ್ದರೆ ಆರು ಬಾಗಿಲಿನ ಮನೆಗೆ ಒಂದೇ ಚಿಲಕ ಇಟ್ಟಂತೆ. ಓದುವುದು ಲಾಕ್‌ನ ಹೊರಗೆ ಆಗಬೇಕು, ಬಂದ ಬೆಲೆಗಳನ್ನು ಪಟ್ಟಿಗೆ ನಕಲು ಮಾಡುವಷ್ಟು ಹೊತ್ತು, ಅಂದರೆ ಕೆಲವು ಮೈಕ್ರೊಸೆಕೆಂಡ್, ಮಾತ್ರ ಲಾಕ್ ಹಿಡಿಯಬೇಕು. ಇನ್ನೊಂದು ಅಡಗುತಾಣ 'ಇನ್ವೋಕ್' ಕರೆ. ಕೆಲಸಗಾರ ಥ್ರೆಡ್ ಅದರಿಂದ ಪರದೆಗೆ ಬರೆಯಹೊರಟರೆ ಪರದೆ ಬಿಡುವಾಗುವವರೆಗೆ ತಾನೂ ನಿಲ್ಲುತ್ತದೆ. ಅದೇ ಹೊತ್ತಿಗೆ ಪರದೆಯು ಆ ಥ್ರೆಡ್ ಮುಗಿಯಲಿ ಎಂದು ಕಾದರೆ ಇಬ್ಬರೂ ಒಬ್ಬರನ್ನೊಬ್ಬರು ಕಾಯುತ್ತಾ ಕೂರುತ್ತಾರೆ. ಪ್ರೋಗ್ರಾಮ್ ಮುಚ್ಚುವಾಗ ಹ್ಯಾಂಗ್ ಆಗುವುದು ಬಹುಪಾಲು ಹೀಗೆಯೇ. 'ಬಿಗಿನ್‌ಇನ್ವೋಕ್' ಬಳಸಿ, ಅಥವಾ ಮೇಲೆ ಹೇಳಿದ ಟ್ಯಾಗ್ ಪಟ್ಟಿಯ ದಾರಿಯನ್ನೇ ಹಿಡಿದು ಈ ಕರೆಯನ್ನು ಪೂರ್ತಿ ಬಿಟ್ಟುಬಿಡಿ.

ಟೈಮ್‌ಔಟ್ (ಕಾಯುವ ಸಮಯದ ಮಿತಿ) ವಿಷಯದಲ್ಲಿ ಸಿ ಶಾರ್ಪ್ ಬರೆಯುವವರು ತಪ್ಪದೆ ಬೀಳುವ ಒಂದು ಗುಂಡಿ ಇದೆ. ಸಾಕೆಟ್‌ನ (ಪ್ರೋಗ್ರಾಮಿನ ಕಡೆಯ ಸಂಪರ್ಕದ ತುದಿ) 'ರಿಸೀವ್‌ಟೈಮ್‌ಔಟ್' 1000 ಎಂದು ಇಟ್ಟು ನೆಮ್ಮದಿಯಿಂದಿರುತ್ತಾರೆ. ಆದರೆ ಅದು ಅನ್ವಯಿಸುವುದು ನೇರವಾಗಿ ಕಾಯುವ ಓದಿಗೆ ಮಾತ್ರ, 'ಅಸಿಂಕ್' (ಥ್ರೆಡ್ ನಿಲ್ಲಿಸದೆ ನಡೆಯುವ) ಓದಿಗೆ ಅಲ್ಲ. ಹಳೆಯ ಡಾಟ್‌ನೆಟ್ ಫ್ರೇಮ್‌ವರ್ಕ್‌ನಲ್ಲಂತೂ ಓದು ಶುರುವಾದ ಮೇಲೆ 'ನಿಲ್ಲಿಸು' ಎನ್ನುವ ಕ್ಯಾನ್ಸಲೇಶನ್ ಟೋಕನ್‌ಗೂ ಅದು ಕಿವಿಗೊಡುವುದಿಲ್ಲ. ಖಚಿತವಾದ ದಾರಿ: ಓದುವ ಟಾಸ್ಕ್ ಜೊತೆಗೆ 1 ಸೆಕೆಂಡಿನ ಡಿಲೇ ಟಾಸ್ಕ್ ಓಡಿಸಿ, ಡಿಲೇ ಮೊದಲು ಮುಗಿದರೆ ಸಾಕೆಟ್ ಮುಚ್ಚಿಬಿಡಿ. ಮುಚ್ಚಿದ ಸಾಕೆಟ್‌ನ ಓದು ದೋಷ ಎಸೆದು ಹೊರಬರುತ್ತದೆ. ಸಂಪರ್ಕಕ್ಕೂ ಇದೇ ಉಪಾಯ, ಮಿತಿ 2 ಸೆಕೆಂಡ್ ಇಡಿ. 21 ಸೆಕೆಂಡಿನ ಕಥೆ ಅಲ್ಲಿಗೆ ಮುಗಿಯುತ್ತದೆ.

ಓದಿನ ಮಿತಿ ಎಷ್ಟಿರಬೇಕು? ಊಹಿಸಬೇಡಿ, ಅಳೆಯಿರಿ. ಸಾವಿರ ಸಲ ಓದಿ, ಅತಿ ಹೆಚ್ಚು ಸಮಯ ಹಿಡಿದದ್ದನ್ನು ಗುರುತಿಸಿ, ಅದರ ಮೂರು ಪಟ್ಟು ಇಡಿ. ಕಾರ್ಖಾನೆಯೊಳಗಿನ ಲ್ಯಾನ್‌ಗೆ ಅರ್ಧದಿಂದ ಒಂದು ಸೆಕೆಂಡ್ ಸಾಕಾಗುತ್ತದೆ. ಮೊಬೈಲ್ ಸಿಮ್ ಹಾಕಿದ ರೌಟರ್ ಮೂಲಕ ಹೋಗುವ ದೂರದ ಟ್ಯಾಂಕ್‌ಗೆ 3ರಿಂದ 5 ಸೆಕೆಂಡ್ ಬೇಕು.

ಸಂಪರ್ಕ ತಪ್ಪಿದ ಪಿಎಲ್‌ಸಿಯನ್ನು ಮತ್ತೆ ಮತ್ತೆ ತಟ್ಟುವುದಕ್ಕೂ ಲೆಕ್ಕ ಇರಲಿ: 1 ಸೆಕೆಂಡ್ ಬಿಟ್ಟು ಒಮ್ಮೆ, ಆಮೇಲೆ 2, 4, 8, 16, ಕೊನೆಗೆ 30ಕ್ಕೆ ನಿಲ್ಲಿಸಿ. ಪ್ರತಿ ಸಲವೂ ಅದಕ್ಕೆ ಶೇ. 20ರಷ್ಟು ಹೆಚ್ಚುಕಡಿಮೆ ಯಾದೃಚ್ಛಿಕವಾಗಿ ಸೇರಿಸಿ. ಕರೆಂಟ್ ಬಂದಾಗ ಎಲ್ಲ ಥ್ರೆಡ್‌ಗಳೂ ಒಂದೇ ಕ್ಷಣಕ್ಕೆ ಒಂದೇ ರೌಟರಿನ ಮೇಲೆ ಮುಗಿಬೀಳುವುದು ತಪ್ಪುತ್ತದೆ. ಮರುಪ್ರಯತ್ನಕ್ಕೆ ಮೊದಲು ಹಳೆಯ ಸಾಕೆಟ್ ಮುಚ್ಚಿದ್ದೀರಾ ಎಂದು ಖಚಿತ ಮಾಡಿಕೊಳ್ಳಿ. ಸಣ್ಣ ಪಿಎಲ್‌ಸಿಗಳಲ್ಲಿ ಒಟ್ಟು ಸಂಪರ್ಕಗಳ ಮಿತಿ ಬೆರಳೆಣಿಕೆಯಷ್ಟೇ ಇರುತ್ತದೆ. ಮುಚ್ಚದ ಸಂಪರ್ಕಗಳು ಆ ಜಾಗಗಳನ್ನೆಲ್ಲ ತುಂಬಿಬಿಟ್ಟರೆ ಪಿಎಲ್‌ಸಿ ಚೆನ್ನಾಗಿದ್ದೂ ನಿಮ್ಮನ್ನು ಒಳಗೆ ಬಿಡುವುದಿಲ್ಲ. ಪಿಎಲ್‌ಸಿ ರೀಸ್ಟಾರ್ಟ್ ಮಾಡಿದರೆ ಮಾತ್ರ ಸರಿಹೋಗುವ ಸಂಪರ್ಕದೋಷ ಕಂಡರೆ ಮೊದಲ ಅನುಮಾನ ಇದರ ಮೇಲಿರಲಿ.

ಪ್ರಶ್ನೆ: ನಮ್ಮದು ಲಿನಕ್ಸ್ ಮೇಲೆ ಓಡುವ ಡೇಟಾ ಸಂಗ್ರಹ ಪ್ರೋಗ್ರಾಮ್. ಕೇಬಲ್ ಕಿತ್ತರೆ ಸುಮಾರು ಕಾಲು ಗಂಟೆ ಏನೂ ಆಗಿಲ್ಲವೆಂಬಂತೆ ಇದ್ದು, ಆಮೇಲೆ ದೋಷ ಹೇಳುತ್ತದೆ.
— ಪುಣೆಯಿಂದ ಓದುಗರೊಬ್ಬರು

ಉತ್ತರ: ಆಗಲೇ ತೆರೆದಿರುವ ಸಂಪರ್ಕದಲ್ಲಿ ಕಳಿಸಿದ್ದಕ್ಕೆ ಸ್ವೀಕೃತಿ ಬರದಿದ್ದರೆ ಲಿನಕ್ಸ್ 15 ಸಲ ಮರಳಿ ಕಳಿಸುತ್ತದೆ, ಪ್ರತಿ ಸಲವೂ ಅಂತರ ಹೆಚ್ಚಿಸುತ್ತಾ. ಒಟ್ಟು 924 ಸೆಕೆಂಡ್, ಅಂದರೆ ಹದಿನೈದೂವರೆ ನಿಮಿಷದ ಹತ್ತಿರ. ಹೊಸ ಸಂಪರ್ಕ ಕೇಳುವಾಗಿನ ಕಾಯುವಿಕೆ ಬೇರೆ. ಅದು ಸಾಮಾನ್ಯ ಸೆಟ್ಟಿಂಗ್‌ನಲ್ಲಿ ಎರಡು ನಿಮಿಷಕ್ಕಿಂತ ತುಸು ಹೆಚ್ಚು. 'ಕೀಪ್‌ಅಲೈವ್' (ಸಂಪರ್ಕ ಜೀವಂತವಿದೆಯೇ ಎಂದು ನೋಡುವ ಪರೀಕ್ಷೆ) ಹಾಕಿದರೆ ಸರಿಹೋಗುತ್ತದೆಂದು ಹಲವರು ಸಲಹೆ ಕೊಡುತ್ತಾರೆ, ಆದರೆ ಸೆಟ್ಟಿಂಗ್ ಬದಲಿಸದೆ ಬಿಟ್ಟರೆ ಅದರ ಮೊದಲ ಪರೀಕ್ಷೆ ನಡೆಯುವುದು 7200 ಸೆಕೆಂಡ್ ಅಂದರೆ ಎರಡು ಗಂಟೆ ಬಿಟ್ಟು. ಸಾಕೆಟ್ ಮೇಲೆ 'ಟಿಸಿಪಿ ಯೂಸರ್ ಟೈಮ್‌ಔಟ್' ಆಯ್ಕೆಯನ್ನು 5000 ಮಿಲಿಸೆಕೆಂಡ್‌ಗೆ ಇಡಿ. ಅದಕ್ಕಿಂತ ಮುಖ್ಯವಾಗಿ, ಪ್ರತಿ ಪ್ರಶ್ನೆಗೂ ನಿಮ್ಮ ಪ್ರೋಗ್ರಾಮಿನದೇ ಗಡಿಯಾರ ಇರಲಿ. ಆಪರೇಟಿಂಗ್ ಸಿಸ್ಟಂನ ತಾಳ್ಮೆ ಇಂಟರ್ನೆಟ್‌ಗೆ ಅಂತ ಮಾಡಿದ್ದು, ಬಾಯ್ಲರ್‌ಗೆ ಅಂತ ಅಲ್ಲ.

ಪ್ರಶ್ನೆ: ಒಂದೇ ಆರ್‌ಎಸ್-485 ಕೇಬಲ್‌ನಲ್ಲಿ (ಹಲವು ಸಾಧನಗಳು ಹಂಚಿಕೊಳ್ಳುವ ಜೋಡಿ ತಂತಿ) 14 ಎನರ್ಜಿ ಮೀಟರ್‌ಗಳಿವೆ, ವೇಗ 9600 ಬಾಡ್ (ಸೆಕೆಂಡಿಗೆ ಅಷ್ಟು ಬಿಟ್). ಎಲ್ಲ ಸರಿಯಿದ್ದಾಗ ಬೆಲೆಗಳು ಒಂದೂಕಾಲು ಸೆಕೆಂಡಿಗೊಮ್ಮೆ ಬದಲಾಗುತ್ತವೆ. ರಿಪೇರಿಗೆಂದು ಒಂದು ಫರ್ನೇಸ್‌ನ ಪ್ಯಾನೆಲ್ ಆಫ್ ಮಾಡಿದರೆ ಉಳಿದ 13 ಮೀಟರ್‌ಗಳೂ ನಿಧಾನ. ಮೂರು ಪ್ಯಾನೆಲ್ ಆಫ್ ಆದರೆ 10 ಸೆಕೆಂಡ್ ಹಿಡಿಯುತ್ತದೆ. ಕೇಬಲ್ ದೋಷವೇ?
— ಬೆಳಗಾವಿಯ ಫೌಂಡ್ರಿಯೊಂದರ ಮೇಂಟೆನೆನ್ಸ್ ವಿಭಾಗ

ಉತ್ತರ: ಕೇಬಲ್ ಅಲ್ಲ, ಗಣಿತ. ಕಾಗದ ತೆಗೆದುಕೊಂಡು ಹೀಗೆ ಲೆಕ್ಕ ಹಾಕಿ. 9600 ಬಾಡ್‌ನಲ್ಲಿ ಪ್ಯಾರಿಟಿ ಸೇರಿ ಒಂದು ಅಕ್ಷರಕ್ಕೆ 11 ಬಿಟ್, ಅಂದರೆ 1.146 ಮಿಲಿಸೆಕೆಂಡ್. 20 ರಿಜಿಸ್ಟರ್ (ತಲಾ ಎರಡು ಬೈಟ್‌ನ ಅಂಕೆ ಇಡುವ ಗೂಡು) ಓದಲು ಪ್ರಶ್ನೆ 8 ಬೈಟ್, ಉತ್ತರ 45 ಬೈಟ್; ಒಟ್ಟು 53 ಬೈಟ್‌ಗೆ 61 ಮಿಲಿಸೆಕೆಂಡ್. ಇಂಥ ಕೇಬಲ್ ಮೇಲೆ ಓಡುವ ಮಾಡ್‌ಬಸ್ ಆರ್‌ಟಿಯು ನಿಯಮದಂತೆ ಸಂದೇಶಗಳ ನಡುವೆ ಮೂರೂವರೆ ಅಕ್ಷರದ ಮೌನ, ಎರಡು ಸಲಕ್ಕೆ 8 ಮಿಲಿಸೆಕೆಂಡ್. ಮೀಟರ್ ಯೋಚಿಸಲು 20 ಎಂದುಕೊಳ್ಳಿ. ಒಂದು ಮೀಟರ್‌ಗೆ ಸುಮಾರು 90, ಹದಿನಾಲ್ಕಕ್ಕೆ 1.26 ಸೆಕೆಂಡ್. ನಿಮ್ಮ ಒಂದೂಕಾಲು ಬಂತಲ್ಲ?

ಈಗ ಆಫ್ ಆದ ಮೀಟರ್. ಸಾಫ್ಟ್‌ವೇರ್ ಟೈಮ್‌ಔಟ್ 1 ಸೆಕೆಂಡ್, ಒಟ್ಟು 3 ಪ್ರಯತ್ನ ಇದ್ದರೆ ಅದೊಂದಕ್ಕೇ 3 ಸೆಕೆಂಡ್ ದಂಡ. ಸುತ್ತು 4.2 ಸೆಕೆಂಡಿಗೆ ಏರುತ್ತದೆ. ಮೂರು ಆಫ್ ಆದರೆ 9 ಸೆಕೆಂಡ್ ದಂಡ, ಉಳಿದ 11ಕ್ಕೆ 1 ಸೆಕೆಂಡ್. ನೀವು ಹೇಳಿದ ಹತ್ತು. ಪಂಕ್ತಿಯಲ್ಲಿ ಖಾಲಿ ಎಲೆಯ ಮುಂದೆ ಬಡಿಸುವವನು ಮೂರು ಸಲ ಕೂಗಿ ಕಾದರೆ ಕೊನೆಯ ಎಲೆಗೆ ಸಾರು ಆರಿಹೋಗಿರುತ್ತದೆ.

ಟೈಮ್‌ಔಟನ್ನು 300 ಮಿಲಿಸೆಕೆಂಡಿಗೆ ಇಳಿಸಿ, ಪ್ರಯತ್ನ 2 ಸಾಕು. 90ರಲ್ಲಿ ಉತ್ತರ ಕೊಡುವ ಮೀಟರ್‌ಗೆ 300 ಧಾರಾಳ. ಮುಖ್ಯ ಮದ್ದು ಇನ್ನೊಂದು: ಸತತ 3 ಸಲ ಉತ್ತರಿಸದ ಮೀಟರನ್ನು ಸುತ್ತಿನಿಂದ ಹೊರಗಿಟ್ಟು 30 ಸೆಕೆಂಡಿಗೊಮ್ಮೆ ಒಂದೇ ಸಲ ತಟ್ಟಿ ನೋಡುವುದು. ಆಗ ದಂಡ 30 ಸೆಕೆಂಡಿಗೆ 0.3 ಸೆಕೆಂಡ್, ಅಂದರೆ ಶೇ. 1. ಸಾಧನಗಳನ್ನು ಓದಿಕೊಡುವ ಕೆಪ್‌ವೇರ್‌ನಂಥ ಸಿದ್ಧ ಸರ್ವರ್‌ಗಳಲ್ಲಿ ಇದು 'ಆಟೋ ಡಿಮೋಶನ್' ಎಂಬ ಹೆಸರಿನಲ್ಲಿ ಸಿದ್ಧವಾಗಿಯೇ ಇದೆ, ಟಿಕ್ ಹಾಕುವುದಷ್ಟೇ ಬಾಕಿ. ಸ್ವಂತ ಪ್ರೋಗ್ರಾಮ್ ಆದರೆ ಇಪ್ಪತ್ತು ಸಾಲಿನ ಕೆಲಸ. ಬಾಡ್ ದರವನ್ನು 19200 ಮಾಡುವುದು, 14 ಮೀಟರ್‌ಗಳನ್ನು ಎರಡು ಪೋರ್ಟ್‌ಗೆ ಏಳೇಳಾಗಿ ಹಂಚುವುದು ಕೂಡ ಒಳ್ಳೆಯದೇ, ಆದರೆ ಮೊದಲು ಇದನ್ನು ಮಾಡಿ.

ಕೇಬಲ್ ದೋಷವನ್ನು ಬೇರೆ ಮಾಡಿ ಗುರುತಿಸುವ ಬಗೆ: ಒಂದು ಮೀಟರ್ ಸತ್ತು ಉಳಿದವು ನಿಧಾನವಾದರೂ ಬೆಲೆ ಸರಿಯಿದ್ದರೆ ಅದು ಸಾಫ್ಟ್‌ವೇರ್. ಎಲ್ಲ ಮೀಟರ್‌ಗಳಲ್ಲೂ ಸಿಆರ್‌ಸಿ ದೋಷ (ಸಂದೇಶ ದಾರಿಯಲ್ಲಿ ಕೆಟ್ಟಿದೆ ಎಂಬ ಗುರುತು) ಕಂಡರೆ ವೈರಿಂಗ್. ಕೆಟ್ಟ ಮೀಟರೊಂದರ ಟ್ರಾನ್ಸ್‌ಮಿಟರ್ ಆನ್ ಆಗಿಯೇ ಸಿಕ್ಕಿಬಿದ್ದರೆ ಅದು ಇಡೀ ಜೋಡಿ ತಂತಿಯನ್ನು ಹಿಡಿದುಕೊಂಡು ಯಾರನ್ನೂ ಮಾತಾಡಲು ಬಿಡುವುದಿಲ್ಲ; ಅಲ್ಲಿ ಯಾವ ಟೈಮ್‌ಔಟ್ ಬದಲಿಸಿದರೂ ಫಲವಿಲ್ಲ. ಕೇಬಲನ್ನು ನಡುವೆ ಬಿಡಿಸಿ ಅರ್ಧರ್ಧವಾಗಿ ಪರೀಕ್ಷಿಸುತ್ತಾ ಹೋಗಿ, 14 ಮೀಟರ್‌ಗೆ ನಾಲ್ಕು ಹಂತದಲ್ಲಿ ಕಳ್ಳ ಸಿಗುತ್ತಾನೆ. ತುದಿಯ ಮೀಟರನ್ನು ರಿಪೇರಿಗೆ ಕಳಿಸುವಾಗ ಅದರ ಟರ್ಮಿನಲ್‌ನಲ್ಲಿದ್ದ 120 ಓಮ್ ರೆಸಿಸ್ಟರ್ ಕೂಡ ಜೊತೆಗೇ ಹೋಗಿಬಿಡುತ್ತದೆ. ಅದನ್ನು ಕೇಬಲ್‌ನ ಈಗಿನ ಕೊನೆಗೆ ಮರಳಿ ಹಾಕಬೇಕು.

ಪ್ರಶ್ನೆ: ಮಾಡ್‌ಬಸ್ ಗೇಟ್‌ವೇ (ನೆಟ್‌ವರ್ಕ್ ಮತ್ತು ಸೀರಿಯಲ್ ಕೇಬಲ್ ನಡುವಿನ ಸೇತುವೆ) ಹಾಕಿದ ಮೇಲೆ, ಒಂದು ಡ್ರೈವ್ (ಮೋಟಾರ್ ವೇಗ ನಿಯಂತ್ರಿಸುವ ಸಾಧನ) ಆಫ್ ಆದಾಗಲೆಲ್ಲ ಇನ್ನೊಂದರ ಕರೆಂಟ್ (ಆಂಪಿಯರ್) ಜಾಗದಲ್ಲಿ ಫ್ರೀಕ್ವೆನ್ಸಿಯ ಅಂಕೆ ಒಮ್ಮೊಮ್ಮೆ ಕಾಣಿಸುತ್ತದೆ.
— ಪೀಣ್ಯ, ಬೆಂಗಳೂರು

ಉತ್ತರ: ಇದು ಹ್ಯಾಂಗ್‌ಗಿಂತ ಅಪಾಯಕಾರಿ, ಇಂದೇ ನೋಡಿ. ಗೇಟ್‌ವೇ ಸೀರಿಯಲ್ ಕಡೆ 1 ಸೆಕೆಂಡ್ ಕಾಯುತ್ತಿದೆ, ನಿಮ್ಮ ಪ್ರೋಗ್ರಾಮ್ ಅರ್ಧ ಸೆಕೆಂಡಿಗೇ ಬೇಸತ್ತು ಮುಂದಿನ ಪ್ರಶ್ನೆ ಕಳಿಸುತ್ತಿದೆ ಎಂದುಕೊಳ್ಳಿ. ಗೇಟ್‌ವೇ ಸಾಲು ಹಚ್ಚಿ ಒಂದೊಂದಾಗಿ ಉತ್ತರಿಸುವಾಗ, ಹಳೆಯ ಪ್ರಶ್ನೆಯ ತಡವಾದ ಉತ್ತರವನ್ನು ಪ್ರೋಗ್ರಾಮ್ ಹೊಸ ಪ್ರಶ್ನೆಯದೆಂದು ತಿಳಿಯುತ್ತದೆ. ಅಲ್ಲಿಂದ ಮುಂದೆ ಎಲ್ಲವೂ ಒಂದು ಸ್ಥಾನ ಸರಿದುಹೋಗುತ್ತದೆ. ಮಾಡ್‌ಬಸ್ ಟಿಸಿಪಿಯ 7 ಬೈಟ್ ಹೆಡರ್‌ನ ಮೊದಲ ಎರಡು ಬೈಟ್ ಟ್ರಾನ್ಸಾಕ್ಷನ್ ಸಂಖ್ಯೆ, ಇರುವುದೇ ಇದಕ್ಕಾಗಿ. ಪ್ರತಿ ಪ್ರಶ್ನೆಗೂ ಹೊಸ ಸಂಖ್ಯೆ ಹಾಕಿ, ಉತ್ತರದಲ್ಲಿ ಅದೇ ಇದೆಯೇ ನೋಡಿ, ಇಲ್ಲದಿದ್ದರೆ ಎಸೆಯಿರಿ. ಸದಾ 0 ಅಥವಾ 1 ಕಳಿಸುವ ಲೈಬ್ರರಿಗಳೂ ಇವೆ, ನಿಮ್ಮದನ್ನು ನೆಟ್‌ವರ್ಕ್ ಪ್ಯಾಕೆಟ್ ತೋರಿಸುವ ವೈರ್‌ಶಾರ್ಕ್‌ನಲ್ಲಿ ಒಮ್ಮೆ ಪರೀಕ್ಷಿಸಿ. ಟೈಮ್‌ಔಟ್ ಆದ ಸಾಕೆಟನ್ನು ಮುಚ್ಚಿ ಹೊಸದು ತೆರೆಯುವುದು ಇನ್ನೂ ಭದ್ರ.

ಕಾಯುವ ಸಮಯಗಳು ಒಳಗಿನಿಂದ ಹೊರಕ್ಕೆ ದೊಡ್ಡದಾಗುತ್ತಾ ಹೋಗಬೇಕು: ಸೀರಿಯಲ್ ಕಡೆ 300 ಮಿಲಿಸೆಕೆಂಡ್, 2 ಪ್ರಯತ್ನ, ಒಟ್ಟು 600, ಎರಡು ಕಂಪ್ಯೂಟರ್‌ಗಳು ಕೇಳುತ್ತಿದ್ದರೆ 1200, ಹಾಗಾಗಿ ಪ್ರೋಗ್ರಾಮಿನ ಮಿತಿ 2 ಸೆಕೆಂಡ್. ಹೀಗಿಟ್ಟರೆ ಗೇಟ್‌ವೇ ತಾನೇ ಎಕ್ಸೆಪ್ಶನ್ ಕೋಡ್ 11 ಕಳಿಸುತ್ತದೆ. 'ನಾನಿದ್ದೇನೆ, ಆಚೆಗಿನ ಸಾಧನ ಉತ್ತರಿಸುತ್ತಿಲ್ಲ' ಎಂದು ಅದರ ಅರ್ಥ. ಯಾವುದು ಕೆಟ್ಟಿದೆ ಎಂಬುದು ಆಗ ಪರದೆಯಲ್ಲೇ ಗೊತ್ತಾಗುತ್ತದೆ. ನೇರ ಸೀರಿಯಲ್ ಪೋರ್ಟ್ ಬಳಸುವವರಿಗೆ ಟ್ರಾನ್ಸಾಕ್ಷನ್ ಸಂಖ್ಯೆಯ ಆಸರೆ ಇಲ್ಲ. ಅವರು ಪ್ರತಿ ಪ್ರಶ್ನೆಗೆ ಮೊದಲು ಬಫರ್ ಖಾಲಿ ಮಾಡಲಿ, ಮತ್ತು ಒಂದೇ ಡ್ರೈವ್‌ನಿಂದ ಓದುವ ಎರಡು ಬ್ಲಾಕ್‌ಗಳ ಉದ್ದ ಬೇರೆಬೇರೆ ಇರುವಂತೆ ನೋಡಿಕೊಳ್ಳಲಿ. 10 ರಿಜಿಸ್ಟರ್ ಒಂದು, 11 ಇನ್ನೊಂದು. ಚಿಲ್ಲರೆ ಉಪಾಯದಂತೆ ಕಂಡರೂ ತಡವಾದ ಉತ್ತರ ಬೈಟ್ ಎಣಿಕೆಯಲ್ಲೇ ಸಿಕ್ಕಿಬೀಳುತ್ತದೆ.

ಪ್ರಶ್ನೆ: ಪಿಎಲ್‌ಸಿ ಸ್ಟಾಪ್‌ನಲ್ಲಿತ್ತು (ಅದರ ಪ್ರೋಗ್ರಾಮ್ ಓಡುತ್ತಿರಲಿಲ್ಲ). ಪರದೆಯಲ್ಲಿ ಮಾತ್ರ ಎಲ್ಲ ಹಸಿರು, ಟ್ಯಾಂಕ್ ಮಟ್ಟ 62.4 ಎಂದೇ ನಿಂತಿತ್ತು. ಯಾರಿಗೂ ಗೊತ್ತಾಗಲಿಲ್ಲ.
— ಗಂಗಾವತಿ

ಉತ್ತರ: ಪ್ರೋಗ್ರಾಮ್ ನಿಂತರೂ ಹಲವು ಪಿಎಲ್‌ಸಿಗಳ ನೆಟ್‌ವರ್ಕ್ ಭಾಗ ಉತ್ತರ ಕೊಡುತ್ತಲೇ ಇರುತ್ತದೆ, ಮೆಮೊರಿಯಲ್ಲಿದ್ದ ಹಳೆಯ ಬೆಲೆಗಳನ್ನೇ. ಸಂಪರ್ಕ ಇದೆ ಎಂಬುದು ಪಿಎಲ್‌ಸಿ ಕೆಲಸ ಮಾಡುತ್ತಿದೆ ಎಂಬುದಕ್ಕೆ ಸಾಕ್ಷಿಯಲ್ಲ. ಪಿಎಲ್‌ಸಿ ಪ್ರೋಗ್ರಾಮಿನಲ್ಲಿ ಸೆಕೆಂಡಿಗೊಮ್ಮೆ ಒಂದು ಹೆಚ್ಚುವ ಕೌಂಟರ್ ಬರೆದು, 5 ಸೆಕೆಂಡ್ ಅದು ಬದಲಾಗದಿದ್ದರೆ ಆ ಪಿಎಲ್‌ಸಿಯ ಎಲ್ಲ ಟ್ಯಾಗ್‌ಗಳನ್ನೂ 'ಕೆಟ್ಟಿದೆ' ಎಂದು ಗುರುತಿಸಿ. ಆನ್-ಆಫ್ ಆಗುವ ಒಂದೇ ಬಿಟ್ ಸಾಲದೇ ಎಂದು ಕೇಳಬಹುದು. ಸಾಲದು. ಅದು ಸೆಕೆಂಡಿಗೊಮ್ಮೆ ಬದಲಾಗಿ ನೀವು ಎರಡು ಸೆಕೆಂಡಿಗೊಮ್ಮೆ ಓದಿದರೆ ಯಾವಾಗಲೂ ಒಂದೇ ಸ್ಥಿತಿ ಕಾಣಿಸಬಹುದು. ಕೌಂಟರನ್ನು 'ಹಿಂದಿನದಕ್ಕಿಂತ ದೊಡ್ಡದೇ' ಎಂದು ನೋಡಬೇಡಿ, 'ಬೇರೆಯೇ' ಎಂದು ನೋಡಿ. 16 ಬಿಟ್ ಕೌಂಟರ್ 65535 ಆದ ಮೇಲೆ 0ಗೆ ಮರಳುತ್ತದೆ. ಸೆಕೆಂಡಿಗೊಂದರಂತೆ ಎಣಿಸಿದರೆ ಹದಿನೆಂಟು ಗಂಟೆಗೊಮ್ಮೆ ಸುಳ್ಳು ಅಲಾರಂ.

ಇದನ್ನೇ ತಿರುವಿ ಹಾಕಿ: ಎಚ್‌ಎಂಐ ಕೂಡ ಒಂದು ಕೌಂಟರ್ ಬರೆಯಲಿ, ಅದು ನಿಂತರೆ ಪಿಎಲ್‌ಸಿ ತನ್ನ ಪಾಡಿಗೆ ಸ್ಥಳೀಯ ಲಾಜಿಕ್‌ಗೆ ಹೋಗಲಿ. ನಿಂತುಹೋದ ಬೆಲೆಯನ್ನು ಪರದೆಯಲ್ಲಿ ತೋರಿಸುವುದಾದರೆ ಬೂದು ಬಣ್ಣದಲ್ಲಿ, ಪಕ್ಕದಲ್ಲಿ ಕೊನೆಯ ಸಲ ಓದಿದ ಹೊತ್ತಿನೊಂದಿಗೆ ತೋರಿಸಿ. ಬರೀ ಸೊನ್ನೆ ತೋರಿಸುವುದು ಹಸಿರು ತೋರಿಸುವಷ್ಟೇ ಕೆಟ್ಟದ್ದು, ಸೊನ್ನೆಯೂ ಒಂದು ಅಳತೆಯೇ.

ಪ್ರಶ್ನೆ: ಲ್ಯಾಬ್‌ವ್ಯೂ (ಚಿತ್ರ ಜೋಡಿಸಿ ಪ್ರೋಗ್ರಾಮ್ ಮಾಡುವ ಸಾಫ್ಟ್‌ವೇರ್) ಬಳಸುತ್ತೇವೆ. ಕಂಟ್ರೋಲರ್ ಆಫ್ ಆದರೆ 25 ಸೆಕೆಂಡ್ ಫ್ರಂಟ್ ಪ್ಯಾನೆಲ್ ಒತ್ತಲಾಗುವುದಿಲ್ಲ.
— ಬೆಂಗಳೂರಿನ ಪ್ರಯೋಗಾಲಯವೊಂದರಿಂದ

ಉತ್ತರ: 'ಟಿಸಿಪಿ ರೀಡ್'ನ ಟೈಮ್‌ಔಟ್ ತಂತಿ ಜೋಡಿಸದೆ ಬಿಟ್ಟರೆ ಅದು 25,000 ಮಿಲಿಸೆಕೆಂಡ್, 'ಟಿಸಿಪಿ ಓಪನ್'ಗೆ 60,000. ಎರಡಕ್ಕೂ ಬೆಲೆ ಕೊಡಿ. ಓದುವ ಭಾಗ ಇವೆಂಟ್ ಕೇಸ್‌ನ ಒಳಗಿದ್ದರೆ ಹೊರತೆಗೆದು ಬೇರೆ ಲೂಪ್‌ಗೆ ಹಾಕಿ ಕ್ಯೂ (ಸರದಿ ಸಾಲು) ಮೂಲಕ ಜೋಡಿಸಿ. ಕ್ಯೂನಿಂದ ತೆಗೆಯುವಾಗಲೂ ಟೈಮ್‌ಔಟ್ ಕೊಡಿ, ಏಕೆಂದರೆ ಅಲ್ಲಿ ಬಿಟ್ಟ ಜಾಗದ ಅರ್ಥ 'ಎಂದೆಂದಿಗೂ ಕಾಯಿ' ಎಂದು.

ಪ್ರಶ್ನೆ: ಸೀಮೆನ್ಸ್ ಎಸ್7-300 ಪಿಎಲ್‌ಸಿ ಇದೆ. ಪ್ರೊಫಿಬಸ್‌ನಲ್ಲಿರುವ (ಪಿಎಲ್‌ಸಿಗೆ ಸಾಧನಗಳನ್ನು ಜೋಡಿಸುವ ಕೇಬಲ್ ಜಾಲ) ಒಂದು ಡ್ರೈವ್ ಆಫ್ ಮಾಡಿದರೆ ಸಿಪಿಯು ಪೂರ್ತಿ ಸ್ಟಾಪ್‌ಗೆ ಹೋಗುತ್ತದೆ. ಹೊಸ 1500ರಲ್ಲಿ ಹಾಗಾಗುವುದಿಲ್ಲವಂತೆ.
— ಮಂಡ್ಯ ಜಿಲ್ಲೆ

ಉತ್ತರ: ನಿಜ. 300 ಮತ್ತು 400ರಲ್ಲಿ ಸ್ಟೇಷನ್ (ಆ ಜಾಲದಲ್ಲಿರುವ ಒಂದು ಸಾಧನ) ತಪ್ಪಿದಾಗ ಸಿಪಿಯು ಓಬಿ 86 ಎಂಬ ಬ್ಲಾಕನ್ನು ಕರೆಯುತ್ತದೆ. ಅದು ಇಲ್ಲದಿದ್ದರೆ ನಿಲ್ಲುತ್ತದೆ. ಓಬಿ 82, 86, 122 ಮೂರನ್ನೂ ಡೌನ್‌ಲೋಡ್ ಮಾಡಿ, ಖಾಲಿ ಇದ್ದರೂ ಸಿಪಿಯು ಓಡುತ್ತಲೇ ಇರುತ್ತದೆ. 122 ಬೇಕಾಗುವುದು ಪ್ರೋಗ್ರಾಮಿನಲ್ಲಿ ಎಲ್ಲೋ ಆ ಡ್ರೈವ್‌ನ ವಿಳಾಸವನ್ನು ನೇರವಾಗಿ ಓದುವ ಸಾಲಿಗೆ. 1500ರಲ್ಲಿ 82, 86 ಇಲ್ಲದಿದ್ದರೂ ಸಿಪಿಯು ನಿಲ್ಲುವುದಿಲ್ಲ.

ಆದರೆ ಖಾಲಿ ಬ್ಲಾಕ್ ಹಾಕಿ ಕೈ ತೊಳೆದುಕೊಳ್ಳುವುದು ಸರಿಯಲ್ಲ. ಸಿಪಿಯು ನಿಲ್ಲುತ್ತಿದ್ದುದಕ್ಕೂ ಒಂದು ಕಾರಣ ಇತ್ತು: ತನಗೆ ಕಾಣದ ಯಂತ್ರವನ್ನು ಓಡಿಸುವುದು ಬೇಡ ಎಂದು. ಆ ನಿರ್ಧಾರ ಈಗ ನಿಮ್ಮ ಪಾಲಿಗೆ ಬಂತು. ತಪ್ಪಿಹೋದ ಸ್ಟೇಷನ್‌ನ ಇನ್‌ಪುಟ್‌ಗಳು 0 ಆಗಿ ಕಾಣುತ್ತವೆ. '0 ಅಂದರೆ ಸುರಕ್ಷಿತ' ಎಂದು ಓದುವ ಇಂಟರ್‌ಲಾಕ್ (ಸುರಕ್ಷತೆಯ ತಡೆ) ಒಂದಿದ್ದರೂ ಸಾಕು ಅನಾಹುತಕ್ಕೆ. ಪ್ರತಿಯೊಂದನ್ನೂ '1 ಅಂದರೆ ಸುರಕ್ಷಿತ' ಎಂದಿರುವಂತೆ ತಿರುಗಿಸಿ. ಓಬಿ 86ರ ಒಳಗೆ ಇವೆಂಟ್ ಕ್ಲಾಸ್ ಹೆಕ್ಸ್ 39 ಬಂದರೆ ಸ್ಟೇಷನ್ ತಪ್ಪಿದೆ, 38 ಬಂದರೆ ಮರಳಿದೆ. ಅದರಿಂದ ಪ್ರತಿ ಸ್ಟೇಷನ್‌ಗೂ ಒಂದು 'ಇದೆ' ಬಿಟ್ ಮಾಡಿಕೊಂಡು ಆ ಡ್ರೈವ್‌ಗೆ ಸೇರಿದ ಸಾಲುಗಳಲ್ಲಿ ಬಳಸಿ.

ಪ್ರಶ್ನೆ: ಸಂಪರ್ಕ ಇಲ್ಲದಿದ್ದಾಗ ಆಪರೇಟರ್ ಸ್ಟಾರ್ಟ್ ಒತ್ತಿದ್ದ. ಇಪ್ಪತ್ತು ನಿಮಿಷದ ಮೇಲೆ ಸಂಪರ್ಕ ಬಂದಾಗ ಪಂಪ್ ತಾನಾಗಿ ಓಡಿತು. ಪುಣ್ಯಕ್ಕೆ ಯಾರೂ ಹತ್ತಿರ ಇರಲಿಲ್ಲ.
— ಹೆಸರು, ಊರು ಬೇಡವೆಂದಿದ್ದಾರೆ

ಉತ್ತರ: ಪರದೆ ಹ್ಯಾಂಗ್ ಆಗದಿರಲೆಂದು ಬರೆಯುವ ಆಜ್ಞೆಗಳನ್ನೂ ಕ್ಯೂಗೆ ಹಾಕಿದಾಗ ಹೀಗಾಗುತ್ತದೆ. ಪರದೆ ಚುರುಕಾಗಿದೆ, ಆದರೆ ಒತ್ತಿದ್ದು ಎಲ್ಲಿ ಹೋಯಿತು ಎಂದು ಯಾರಿಗೂ ಗೊತ್ತಿಲ್ಲ. ಪ್ರತಿ ಆಜ್ಞೆಗೂ ಆಯುಷ್ಯ ಇರಬೇಕು: 5 ಸೆಕೆಂಡ್ ಕಳೆದರೆ ಕಸದ ಬುಟ್ಟಿಗೆ, ಆಪರೇಟರ್‌ಗೆ 'ತಲುಪಲಿಲ್ಲ' ಎಂಬ ಸಂದೇಶ. ಸಂಪರ್ಕ ತಪ್ಪಿದ ಕೂಡಲೇ ಆ ಪಂಪ್‌ನ ಬಟನ್‌ಗಳು ಒತ್ತಲಾಗದಂತಾಗಬೇಕು. ಮರುಸಂಪರ್ಕದ ಮೊದಲ ಕೆಲಸ ಕ್ಯೂ ಖಾಲಿ ಮಾಡುವುದು.

ಇನ್ನೊಂದು ಸೂಕ್ಷ್ಮ ಇದೆ. ಬರೆಯುವಾಗ ಟೈಮ್‌ಔಟ್ ಆದರೆ 'ಆಗಲಿಲ್ಲ' ಎಂದಲ್ಲ, 'ಗೊತ್ತಿಲ್ಲ' ಎಂದು ಅರ್ಥ. ಆಜ್ಞೆ ತಲುಪಿ, ಉತ್ತರ ಮಾತ್ರ ದಾರಿಯಲ್ಲಿ ಕಳೆದಿರಬಹುದು. ಒತ್ತಡ 4.5 ಬಾರ್ ಇರಲಿ ಎಂಬುದನ್ನು ಎರಡು ಸಲ ಬರೆದರೆ ತೊಂದರೆಯಿಲ್ಲ. 'ಇದ್ದ ಸ್ಥಿತಿ ತಿರುಗಿಸು' ಎಂಬುದನ್ನು ಎರಡು ಸಲ ಬರೆದರೆ ಪಂಪ್ ಆನ್ ಆಗಿ ಆಫ್ ಆಗುತ್ತದೆ. ಆದ್ದರಿಂದ ಪ್ರತಿ ಆಜ್ಞೆಯ ಜೊತೆಗೂ ಒಂದು ಕ್ರಮಸಂಖ್ಯೆ ಬರೆಯಿರಿ. ಪಿಎಲ್‌ಸಿ ಹೊಸ ಸಂಖ್ಯೆ ಕಂಡಾಗ ಮಾತ್ರ ಕೆಲಸ ಮಾಡಿ ಅದೇ ಸಂಖ್ಯೆಯನ್ನು ಸ್ವೀಕೃತಿ ರಿಜಿಸ್ಟರ್‌ಗೆ ನಕಲು ಮಾಡಲಿ, ಪವರ್ ಬಂದ ಮೊದಲ ಸ್ಕ್ಯಾನ್‌ನಲ್ಲಿ ಅಲ್ಲಿರುವ ಸಂಖ್ಯೆಯನ್ನು ಹಳೆಯದೆಂದೇ ಎಣಿಸಲಿ. ತುರ್ತು ನಿಲುಗಡೆ ಮಾತ್ರ ಈ ಯಾವ ಲೆಕ್ಕಕ್ಕೂ ಸೇರದು. ಅದು ತಂತಿಯಲ್ಲಿ, ಪಂಪ್‌ನ ಪಕ್ಕದಲ್ಲೇ ಇರಬೇಕು.

ಪ್ರಶ್ನೆ: ಒಂದು ಪಿಎಲ್‌ಸಿ ತಪ್ಪಿದರೆ 180 ಅಲಾರಂ ಒಟ್ಟಿಗೆ ಬರುತ್ತವೆ. ತಿಂಗಳ ವರದಿಯ ನೀರಿನ ಲೆಕ್ಕವೂ ಕಡಿಮೆ ಬರುತ್ತದೆ.
— ತುಮಕೂರು

ಉತ್ತರ: ಅಲಾರಂ ಕುರಿತ ಈಮುವಾ 191 ಮಾರ್ಗಸೂಚಿ ಒಬ್ಬ ಆಪರೇಟರ್‌ಗೆ 10 ನಿಮಿಷದಲ್ಲಿ 10ಕ್ಕಿಂತ ಹೆಚ್ಚು ಬಂದರೆ ಅದನ್ನು ಪ್ರವಾಹ ಎನ್ನುತ್ತದೆ. ಪ್ರತಿ ಅಲಾರಂನ ಷರತ್ತಿಗೂ 'ಟ್ಯಾಗ್ ಗುಣಮಟ್ಟ ಚೆನ್ನಾಗಿದ್ದರೆ ಮಾತ್ರ' ಎಂದು ಸೇರಿಸಿ, ಸಂಪರ್ಕ ತಪ್ಪಿದ್ದಕ್ಕೆ ಒಂದೇ ಒಂದು ಅಲಾರಂ ಇಡಿ. ಹಳೆಯ ಓಪಿಸಿ ಡಿಎಯಲ್ಲಿ (ಸಾಫ್ಟ್‌ವೇರ್‌ಗಳು ಟ್ಯಾಗ್ ಹಂಚಿಕೊಳ್ಳುವ ಮಾನಕ) ಗುಣಮಟ್ಟ 192 ಇದ್ದರೆ ಒಳ್ಳೆಯದು, 24 ಸಂಪರ್ಕ ಕೆಟ್ಟದ್ದು. ವರದಿಯ ಕೊರತೆಗೆ ಕಾರಣ, ಕೆಟ್ಟ ಹೊತ್ತಿನ ಹರಿವನ್ನು 0 ಎಂದು ದಾಖಲಿಸಿ ಕೂಡಿಸುತ್ತಿರುವುದು. ಫ್ಲೋ ಮೀಟರ್‌ನೊಳಗಿನ ಟೋಟಲೈಸರ್ (ಹರಿದ ಒಟ್ಟು ನೀರನ್ನು ಎಣಿಸುವ ಅಂಕೆ) ಓದಿ, ತಿಂಗಳ ಕೊನೆಯ ಅಂಕೆಯಿಂದ ಮೊದಲ ಅಂಕೆ ಕಳೆಯಿರಿ. ನಡುವೆ ಎರಡು ಗಂಟೆ ಸಂಪರ್ಕ ಇಲ್ಲದಿದ್ದರೂ, ಮೀಟರ್‌ಗೆ ಕರೆಂಟ್ ಇದ್ದಿದ್ದರೆ, ಲೆಕ್ಕ ತಪ್ಪುವುದಿಲ್ಲ.

ಪ್ರಶ್ನೆ: ಗುತ್ತಿಗೆದಾರರು ಹೊಸ ಸಾಫ್ಟ್‌ವೇರ್ ಒಪ್ಪಿಸುವಾಗ ನಾವು ಏನೇನು ಪರೀಕ್ಷೆ ಕೇಳಬೇಕು?
— ಹುಬ್ಬಳ್ಳಿ

ಉತ್ತರ: ಕನಿಷ್ಠ ಇವು. ಪಿಎಲ್‌ಸಿಯ ಪವರ್ ತೆಗೆಯಿರಿ. ಪವರ್ ಇಟ್ಟು ಕೇಬಲ್ ಮಾತ್ರ ಕೀಳಿರಿ, ಅದೂ ಪಿಎಲ್‌ಸಿ ತುದಿಯಲ್ಲಿ. ಕಂಪ್ಯೂಟರ್ ತುದಿಯಲ್ಲಿ ಕಿತ್ತರೆ ವಿಂಡೋಸ್‌ಗೆ ತಕ್ಷಣ ಗೊತ್ತಾಗಿ ಪರೀಕ್ಷೆ ಸುಲಭವಾಗಿಬಿಡುತ್ತದೆ. ಸಿಪಿಯುವನ್ನು ಸ್ಟಾಪ್‌ಗೆ ಹಾಕಿ. ಫೈರ್‌ವಾಲ್‌ನಲ್ಲಿ 502ನೇ ಪೋರ್ಟನ್ನು ಮೊದಲು 'ರಿಜೆಕ್ಟ್', ಆಮೇಲೆ 'ಡ್ರಾಪ್' ಮಾಡಿ. ಎರಡರ ವರ್ತನೆ ಬೇರೆ ಎಂದು ಮೊದಲ ಉತ್ತರದಲ್ಲೇ ಹೇಳಿದ್ದೇವೆ. ಸಿಮ್ಯುಲೇಟರ್ ಹಾಕಿ ಪ್ರತಿ ಉತ್ತರವನ್ನು ಟೈಮ್‌ಔಟ್‌ಗಿಂತ ತುಸು ತಡಮಾಡಿ ಕಳಿಸಿ. ಪೂರ್ತಿ ಸತ್ತ ಪಿಎಲ್‌ಸಿಗಿಂತ ಅರೆಜೀವದ ಪಿಎಲ್‌ಸಿ ಹೆಚ್ಚು ಕಾಟ ಕೊಡುತ್ತದೆ, ಈ ಪರೀಕ್ಷೆಯಲ್ಲಿ ಪಾಸಾಗುವವರು ಕಡಿಮೆ.

ಪ್ರತಿ ಸಲವೂ ಮೂರು ವಿಷಯ ಗಡಿಯಾರ ಹಿಡಿದು ಬರೆಯಿರಿ. ಬೇರೆ ಪಿಎಲ್‌ಸಿಯ ಪುಟ ತೆರೆಯಲು ಎಷ್ಟು ಹೊತ್ತು ಹಿಡಿಯಿತು, 1 ಸೆಕೆಂಡ್ ಮೀರಬಾರದು. ಕೆಟ್ಟ ಪಿಎಲ್‌ಸಿಯ ಟ್ಯಾಗ್‌ಗಳು ಬೂದಾಗಲು ಎಷ್ಟು, 5 ಸೆಕೆಂಡ್ ಒಳಗಿರಬೇಕು. ಸಂಪರ್ಕ ಮರಳಿಸಿದ ಮೇಲೆ ಯಾರೂ ಏನೂ ಒತ್ತದೆ ಬೆಲೆಗಳು ಜೀವಂತವಾಗಲು ಎಷ್ಟು, 40 ಸೆಕೆಂಡ್ ಒಳಗೆ. ಆಮೇಲೆ ಒಂದು ಪಿಎಲ್‌ಸಿಯನ್ನು ಆಫ್ ಇಟ್ಟೇ ಸಂಜೆ ಮನೆಗೆ ಹೋಗಿ. ಬೆಳಗ್ಗೆ ಬಂದು ಟಾಸ್ಕ್ ಮ್ಯಾನೇಜರ್‌ನಲ್ಲಿ ಆ ಪ್ರೋಗ್ರಾಮಿನ ಥ್ರೆಡ್, ಹ್ಯಾಂಡಲ್ (ಅದು ತೆರೆದಿಟ್ಟ ಸಾಕೆಟ್, ಫೈಲ್ ಮುಂತಾದವುಗಳ ಎಣಿಕೆ), ಮೆಮೊರಿ ಮೂರನ್ನೂ ಹಿಂದಿನ ಸಂಜೆಯ ಅಂಕೆಗಳ ಜೊತೆ ಹೋಲಿಸಿ. ಹ್ಯಾಂಡಲ್‌ಗಳು ನೂರಿನ್ನೂರರಿಂದ ಸಾವಿರಗಳಿಗೆ ಏರಿದ್ದರೆ ಪ್ರತಿ ಮರುಪ್ರಯತ್ನವೂ ಒಂದು ಸಾಕೆಟನ್ನು ಮುಚ್ಚದೆ ಬಿಡುತ್ತಿದೆ. ಬಿಲ್‌ಗೆ ಸಹಿ ಹಾಕಬೇಡಿ, ವಾಪಸ್ ಕಳಿಸಿ.